ಬಸ್ರಾದಲ್ಲಿ ಅಳಿದವರ ಋಣ

ಮಹಾಲಯ ಪಕ್ಷದ ತಿಥಿಗಳಲ್ಲಿ ಚತುರ್ದಶಿಯೊಂದನ್ನು ನಮ್ಮ ಧರ್ಮಶಾಸ್ತ್ರಕಾರರು ಶಸ್ತ್ರಹತರಿಗಾಗಿ ಮೀಸಲಿಟ್ಟಿದ್ದಾರೆ. ಮಕ್ಕಳು ಮೊಮ್ಮಕ್ಕಳ ನಡುವೆ ಮನೆಯಲ್ಲಿ ಪ್ರಾಣಬಿಟ್ಟವರಿಗೆ ಅವರವರ ತಿಥಿಯುಂಟು. ಎಂದು ಸತ್ತರೆಂಬುದೇ ತಿಳಿಯದವರಿಗೆ ಮರುದಿನದ ಅಮಾವಾಸ್ಯೆಯುಂಟು. ಆಯುಧದಿಂದ ಮಡಿದವನಿಗೆ ಮಾತ್ರ, ಅವನ ಮೃತ್ಯು ಉಳಿದವರ ಮೃತ್ಯುವಿನಂತಹುದಲ್ಲವೆಂಬ ಭಾವದಿಂದಲೋ ಏನೋ, ಈ ಒಂದು ದಿನವನ್ನು ಪ್ರತ್ಯೇಕವಾಗಿ ತೆಗೆದಿರಿಸಿದ್ದಾರೆ. ದೇಶಾಂತರಕ್ಕೆ ಹೋಗಿ ಹನ್ನೆರಡು ವರ್ಷ ಸುದ್ದಿಯಿಲ್ಲದವನಿಗೆ ಮುತ್ತುಗದ ಮುನ್ನೂರ ಅರವತ್ತು ತೊಟ್ಟುಗಳಿಂದ ಪ್ರತಿಕೃತಿಯನ್ನು ಮಾಡಿ ದಹಿಸುವ ವಿಧಿಯಿದೆ. ಗೋತ್ರವರಿಯದವನಿಗೆ ಕಾಶ್ಯಪಗೋತ್ರವನ್ನು ಹೇಳಿ ನೀರು ಬಿಡುವ ಸಂಪ್ರದಾಯವಿದೆ. ಅಂದರೆ ಸತ್ತವರ ವಿಷಯದಲ್ಲಿ ಇದ್ದವರಿಗಿರುವ ಅಜ್ಞಾನವನ್ನು ಶಾಸ್ತ್ರವು ಮೊದಲೇ ಊಹಿಸಿ, ಮೊದಲೇ ಕ್ಷಮಿಸಿಬಿಟ್ಟಿದೆ. ಹಾಗಿರುವಲ್ಲಿ, ಕೃಷ್ಣಾತೀರದ ತುಬಚಿಯಂತಹ ಊರಿನಲ್ಲಿ ಹುಟ್ಟಿದ ಮರಿಮಗನೊಬ್ಬನು, ಮುತ್ಯಾನ ತಮ್ಮ ಲಡಾಯಿಗೆ ಹೋದಾಂವ ಹೊಳ್ಳಿ ಬರಲಿಲ್ಲ ಎಂಬ ಒಂದೇ ಮಾತನ್ನು ಹಿಡಿದುಕೊಂಡು, ಯಾವ ಪಲ್ಟಣು, ಯಾವ ನೆಲ, ಯಾವ ದಿನ ಎಂದು ನೂರು ವರ್ಷಗಳ ಮೇಲೆ ಅರಸಹೊರಡುವುದು ಯಾತಕ್ಕಾಗಿ? ತಿಲೋದಕ ಅವನಿಗೆ ಸಲ್ಲುವುದಾದರೆ ವಿಳಾಸ ತಿಳಿಯದೆಯೂ ಸಲ್ಲುತ್ತದೆ. ಸಲ್ಲದಾದರೆ ವಿಳಾಸ ತಿಳಿದೂ ಪ್ರಯೋಜನವಿಲ್ಲ.

ಈ ಪ್ರಶ್ನೆಯನ್ನು ನಾನು ವಿತಂಡಕ್ಕಾಗಿ ಎತ್ತುತ್ತಿಲ್ಲ. ಇಂತಹ ಶೋಧದಲ್ಲಿ ತೊಡಗಿದವರನ್ನು ಮನೆಯ ಹಿರಿಯರೇ ಹೀಗೆ ಕೇಳುವುದುಂಟು. ಕೇಳುವುದರಲ್ಲಿ ನ್ಯಾಯವೂ ಉಂಟು. ದೇವಋಣ, ಋಷಿಋಣ, ಪಿತೃಋಣವೆಂಬ ಮೂರು ಋಣಗಳನ್ನು ಹೊತ್ತುಕೊಂಡೇ ಮನುಷ್ಯನು ಹುಟ್ಟುತ್ತಾನೆಂದು ವೇದವು ಹೇಳಿ, ಮೂರನೆಯದು ಸಂತಾನದಿಂದ ತೀರುವುದೆಂದು ತೀರ್ಮಾನಿಸಿದೆ. ಆದರೆ ಸಂತಾನವಿಲ್ಲದೆಯೇ ಪರದೇಶದ ಮರಳಿನಲ್ಲಿ ಬಿದ್ದುಹೋದ ಇಪ್ಪತ್ತು ಇಪ್ಪತ್ತೆರಡು ವಯಸ್ಸಿನ ತರುಣನಿಗೆ ಸಲ್ಲಬೇಕಾದ ಋಣವು ಯಾರ ಮೇಲೆ ನಿಂತಿತು? ಅವನ ಅಣ್ಣತಮ್ಮಂದಿರ ಸಂತತಿಯ ಮೇಲೆಯೇ ನಿಂತಿತೆಂದು ನಾನು ತಿಳಿಯುತ್ತೇನೆ. ಮತ್ತು ಆ ಋಣವು ನೀರಿನಿಂದ ಮಾತ್ರ ತೀರುವಂತಹುದಲ್ಲ ಎಂದು ತೋರಿಸುವುದೇ ಈ ಬರೆಹದ ಉದ್ದೇಶ.

ಮೊದಲು ಆ ದಾರಿಯ ಕಾಠಿನ್ಯವನ್ನು ಹೇಳಬೇಕು. ಜಮಖಂಡಿ ಪಟವರ್ಧನರ ಸಂಸ್ಥಾನ, ಮುಧೋಳ ಘೋರ್ಪಡೆಯವರ ಸಂಸ್ಥಾನ. ಇವುಗಳ ಹಳ್ಳಿಗಳ ನಡುನಡುವೆ ಬ್ರಿಟಿಷ್ ವಿಜಾಪುರ ಜಿಲ್ಲೆಯ ಹಳ್ಳಿಗಳು. ಸೈನ್ಯಕ್ಕೆ ಸೇರಬೇಕೆಂಬ ಹುಡುಗನು ಬೆಳಗಾವಿಯ ದಂಡಿನ ದಾರಿ ಹಿಡಿದರೆ ಅವನ ಹೆಸರು 103, 105, 110, 114, 116, 117 ಎಂಬ ಸಂಖ್ಯೆಗಳ ಮರಾಠಾ ಪಲ್ಟಣುಗಳಲ್ಲೊಂದಕ್ಕೆ ಸೇರಬಹುದಾಗಿತ್ತು. 1922ರಲ್ಲಿ ಇವೆಲ್ಲ ಒಂದೇ ರೆಜಿಮೆಂಟಿನ ಬೇರೆಬೇರೆ ಬೆಟಾಲಿಯನ್‌ಗಳಾಗಿ ಹಳೆಯ ಅಂಕಿಗಳನ್ನು ಕಳೆದುಕೊಂಡುವು. ಊರಿನ ವಿಳಾಸವೂ ಸ್ಥಿರವಾಗಿ ನಿಲ್ಲಲಿಲ್ಲ: 1948ರ ಮಾರ್ಚಿನಲ್ಲಿ ಈ ಸಂಸ್ಥಾನಗಳು ಮುಂಬಯಿ ಪ್ರಾಂತದಲ್ಲಿ ಲೀನವಾದುವು, 1956ರಲ್ಲಿ ವಿಜಾಪುರ ಜಿಲ್ಲೆ ಮೈಸೂರು ರಾಜ್ಯಕ್ಕೆ ಬಂದಿತು, 1997ರಲ್ಲಿ ಅದರಿಂದ ಬಾಗಲಕೋಟೆ ಜಿಲ್ಲೆ ಬೇರೆಯಾಯಿತು. ಇಂಗ್ಲಿಷ್ ಗುಮಾಸ್ತನು ಕಿವಿಗೆ ಬಿದ್ದಂತೆ ಬರೆದ ಹೆಸರಿನಲ್ಲಿ ತಂದೆಯ ಹೆಸರು ಮನೆತನದ ಹೆಸರಾಗಿ, ಮನೆತನದ ಹೆಸರು ಜಾತಿಯ ಹೆಸರಾಗಿ ಮಾರ್ಪಟ್ಟಿರುವುದು ಸಾಮಾನ್ಯ. ಮನೆಯಲ್ಲಿದ್ದಿರಬಹುದಾದ ಕಾಗದವಾದರೋ, ಹೊಳೆಯ ದಂಡೆಯ ಹಳ್ಳಿಗಳಲ್ಲಿ ಎಷ್ಟು ಕಾಲ ಉಳಿದೀತು? 2019ರ ಆಗಸ್ಟಿನ ಕೃಷ್ಣೆಯ ಮಹಾಪೂರದಲ್ಲಿ ಜಮಖಂಡಿ ತಾಲೂಕಿನ ತೀರದ ಜನರು ಮಕ್ಕಳನ್ನೂ ದನಗಳನ್ನೂ ಉಳಿಸಿಕೊಂಡು ಮೇಲೇರಿ ಬಂದುದೇ ದೊಡ್ಡದು. ಅಟ್ಟದ ಮೇಲಣ ಟ್ರಂಕಿನ ಚಿಂತೆ ಯಾರಿಗೆ ಆದೀತು!

ಆದರೂ ಕುರುಹುಗಳು ಪೂರ್ತಿಯಾಗಿ ಅಳಿದಿಲ್ಲ. ಮೊದಲನೆಯ ಮಹಾಯುದ್ಧದ ಬೆಳ್ಳಿಯ ಪದಕವೊಂದು ಮನೆಯಲ್ಲಿ ಉಳಿದಿದ್ದರೆ ಜನರು ಅದರ ಮೇಲಣ ದೊರೆಯ ಮುಖವನ್ನು ನೋಡುತ್ತಾರೆ. ನೋಡಬೇಕಾದುದು ಅದರ ಅಂಚನ್ನು, ಏಕೆಂದರೆ ಸಿಪಾಯಿಯ ಅಂಕಿ, ಹೆಸರು, ಪಲ್ಟಣು ಮೂರನ್ನೂ ಅಲ್ಲಿ ಸಣ್ಣ ಅಕ್ಷರಗಳಲ್ಲಿ ಒತ್ತಿರುತ್ತಾರೆ. ಸತ್ತವನ ಮನೆಗೆ ಕಳುಹಿಸುತ್ತಿದ್ದ ಕಂಚಿನ ಬಿಲ್ಲೆಯಲ್ಲಿ ಹೆಸರೊಂದೇ ಇರುತ್ತದೆ, ಹುದ್ದೆಯಿಲ್ಲ. ಮರಣದಲ್ಲಿ ಕರ್ನಲನೂ ಸಿಪಾಯಿಯೂ ಸಮಾನರೆಂಬ ಉದ್ದೇಶದಿಂದ ಹಾಗೆ ಮಾಡಿದರು. ಬೆಳಗಾವಿಯ ಮರಾಠಾ ಲಘು ಪದಾತಿದಳದ ಕೇಂದ್ರದಲ್ಲಿ ಷರ್ಕತ್ ಯುದ್ಧದ ಹೆಸರನ್ನು ಹೊತ್ತ ಸ್ಮಾರಕವಿದೆ. 1918ರ ಅಕ್ಟೋಬರ್ ಕೊನೆಯಲ್ಲಿ, ಟೈಗ್ರಿಸ್ ದಂಡೆಯ ಆ ಸ್ಥಳದಲ್ಲಿ, ಯುದ್ಧ ಮುಗಿಯಲು ದಿನಗಳಷ್ಟೇ ಉಳಿದಿದ್ದಾಗ, 114ನೆಯ ಪಲ್ಟಣು ಕಾದಿತು. ಲಂಡನ್ನಿನ ರಾಷ್ಟ್ರೀಯ ಪತ್ರಾಗಾರದಲ್ಲಿ ಪಲ್ಟಣುಗಳ ಯುದ್ಧದಿನಚರಿಗಳಿವೆ. ಅವುಗಳಲ್ಲಿ ಗಾಯಗೊಂಡ ಇಂಗ್ಲಿಷ್ ಅಧಿಕಾರಿಯ ಹೆಸರಿರುತ್ತದೆ. ಸಿಪಾಯಿಗಳ ಪಾಲಿಗೆ ಬಹುಮಟ್ಟಿಗೆ, ಇಷ್ಟು ಮಂದಿ ಸತ್ತರು, ಇಷ್ಟು ಮಂದಿ ಗಾಯಗೊಂಡರು ಎಂಬ ಅಂಕಿ ಮಾತ್ರ.

ಅಂಕಿಯ ಈ ಮಾತು ದಿನಚರಿಯಲ್ಲಿಯೇ ನಿಂತಿದ್ದರೆ ಅವಸರದ ಬರೆಹವೆಂದು ಸಮಾಧಾನ ತಾಳಬಹುದಾಗಿತ್ತು. ಆದರೆ ಅದು ಕಲ್ಲಿನ ಮೇಲೂ ಏರಿತು. ಮೆಸೊಪೊಟೇಮಿಯದಲ್ಲಿ ಸತ್ತು ಗೋರಿಯಿಲ್ಲದೆ ಹೋದ 40,000ಕ್ಕೂ ಹೆಚ್ಚು ಯೋಧರಿಗಾಗಿ 1929ರಲ್ಲಿ ಬಸ್ರಾದಲ್ಲಿ ಸ್ಮಾರಕವೊಂದು ನಿಂತಿತು. ಅದರ ಫಲಕಗಳಲ್ಲಿ ಬ್ರಿಟಿಷ್ ಸೈನಿಕರಿಗೆಲ್ಲ ಹೆಸರಿದೆ. ಭಾರತೀಯರಲ್ಲಿ ಅಧಿಕಾರಿಗಳಿಗೆ ಹೆಸರಿದೆ. ಸಾಮಾನ್ಯ ಸಿಪಾಯಿಗಳಿಗೆ ಮಾತ್ರ, ಪಲ್ಟಣಿನ ಹೆಸರನ್ನು ಕೆತ್ತಿ, ಅದರ ಕೆಳಗೆ ಸತ್ತವರ ಸಂಖ್ಯೆಯನ್ನು ಕೆತ್ತಿದರು. ಹುದ್ದೆ, ಜಾತಿ, ಮತಗಳ ಭೇದವಿಲ್ಲದೆ ಎಲ್ಲರನ್ನೂ ಸಮಾನವಾಗಿ ಸ್ಮರಿಸುವೆವೆಂದು 1917ರಲ್ಲಿ ಹುಟ್ಟಿದ ಸಂಸ್ಥೆಯೇ ಈ ಕೆಲಸವನ್ನು ಮಾಡಿತು. ಆ ಸಂಸ್ಥೆಯೇ, ಅಂದರೆ ಈಗಿನ ಕಾಮನ್‌ವೆಲ್ತ್ ವಾರ್ ಗ್ರೇವ್ಸ್ ಕಮಿಷನ್, 2021ರ ಏಪ್ರಿಲಿನಲ್ಲಿ ಹೊರಡಿಸಿದ ವರದಿಯಲ್ಲಿ, ಏಷ್ಯಾ ಆಫ್ರಿಕಗಳ ಮೃತರಲ್ಲಿ ಕನಿಷ್ಠ 1,16,000 ಮಂದಿ, ಪ್ರಾಯಶಃ 3,50,000ದವರೆಗೂ, ಹೆಸರಿನಿಂದ ಸ್ಮರಿಸಲ್ಪಡಲಿಲ್ಲ ಅಥವಾ ಸ್ಮರಿಸಲ್ಪಡಲೇ ಇಲ್ಲ ಎಂದು ಒಪ್ಪಿಕೊಂಡು ಕ್ಷಮೆ ಬೇಡಿತು. ನಮ್ಮ ದೇಶದ ಅನೇಕ ಹಳ್ಳಿಗಳಲ್ಲಿ ಆಗಿನ ಸರ್ಕಾರ ನೆಡಿಸಿದ ಅಮೃತಶಿಲೆಯ ಹಲಗೆಗಳದೂ ಇದೇ ರೀತಿ: ಈ ಊರಿನಿಂದ ಇಷ್ಟು ಜನ ಮಹಾಯುದ್ಧಕ್ಕೆ ಹೋದರು, ಅವರಲ್ಲಿ ಇಷ್ಟು ಜನ ಪ್ರಾಣವನ್ನೊಪ್ಪಿಸಿದರು. ಊರಿನ ಪ್ರತಿಯೊಬ್ಬನಿಗೂ ಅವರ ಹೆಸರು ಬಾಯಿಪಾಠವಾಗಿದ್ದ ಕಾಲದಲ್ಲಿಯೇ ಊರ ನಡುವಣ ಕಲ್ಲು ಅದನ್ನು ಹೇಳಲೊಲ್ಲದೆ ಹೋಯಿತು.

ಕನ್ನಡನಾಡಿನವನು ಇದನ್ನು ಓದಿದಾಗ ಅವನ ಮನಸ್ಸು ಆತಕೂರಿನ ಕಲ್ಲಿನ ಕಡೆಗೆ ತಿರುಗುವುದು ಸಹಜ. ಸುಮಾರು 950ರಲ್ಲಿ, ತಕ್ಕೋಲದ ಕಾಳಗ ಮುಗಿದ ಮೇಲೆ, ಗಂಗರ ಬೂತುಗನು ತನ್ನ ಸೇವಕನಾದ ಮಣಲೆರನ ಪರಾಕ್ರಮಕ್ಕೆ ಮೆಚ್ಚಿ ಏನು ಬೇಕೆಂದು ಕೇಳಲು, ಅವನು ಕಾಳಿಯೆಂಬ ಬೇಟೆನಾಯನ್ನು ಬೇಡಿ ಪಡೆದನು. ಆ ನಾಯಿ ದೊಡ್ಡದೊಂದು ಹಂದಿಯೊಡನೆ ಹೋರಾಡಿ, ಎರಡೂ ಸತ್ತುವು. ಕಾಳಿಗಾಗಿ ದೇವಾಲಯದ ಮುಂದೆ ಕಲ್ಲನ್ನು ನೆಟ್ಟು ಭೂಮಿಯನ್ನು ಬಿಟ್ಟರು, ಆ ಕಲ್ಲನ್ನು ಪೂಜಿಸದೆ ಉಣ್ಣಬಾರದೆಂದು ಪೂಜೆಯ ಗೊರವನಿಗೆ ಕಟ್ಟಳೆ ಮಾಡಿದರು. ನಾಯಿಗೂ ಹೆಸರಿಟ್ಟು ಕೆತ್ತಿದ ನಾಡಿನ ಮಕ್ಕಳು ಸಾವಿರ ವರ್ಷಗಳಾಗುವಷ್ಟರಲ್ಲಿ ಅನ್ಯದೇಶದ ಕಲ್ಲಿನ ಮೇಲೆ ಅಂಕಿಯಾಗಿ ನಿಂತರು. ಇದು ಅಭಿಮಾನಭಂಗದ ಮಾತು ಮಾತ್ರವಲ್ಲ. ನಮ್ಮ ವೀರಗಲ್ಲುಗಳ ಶಿಲ್ಪವನ್ನು ನೋಡಿ: ಕೆಳಗಣ ಪಟ್ಟಿಕೆಯಲ್ಲಿ ಕಾಳಗ, ನಡುವೆ ಅಪ್ಸರೆಯರು ವೀರನನ್ನು ಎತ್ತಿಕೊಂಡೊಯ್ಯುವುದು, ಮೇಲೆ ಕೈಲಾಸದಲ್ಲಿ ಲಿಂಗದ ಮುಂದೆ ಅವನು ಕುಳಿತಿರುವುದು. ಶಾಸನವು ಅವನ ಹೆಸರನ್ನು ಹೇಳಿ, ಯಾತಕ್ಕಾಗಿ ಸತ್ತನೆಂಬುದನ್ನೂ ಹೇಳುತ್ತದೆ: ತುರುಗಳನ್ನು ಮರಳಿಸಿ, ಊರಳಿವಿನಲ್ಲಿ ಇರಿದು, ಹೆಂಗಸರ ಮಾನವನ್ನು ಕಾದು. ಹೆಸರು, ಕಾರಣ, ಗತಿ, ಈ ಮೂರೂ ಒಂದೇ ಕಲ್ಲಿನಲ್ಲಿ ಕೂಡಿಬರುತ್ತವೆ. ಹೆಸರಿಲ್ಲದ ಅಂಕಿಗೆ ಗತಿಯನ್ನು ಹೇಳುವುದೆಂತು? ಅಂಕಿಯು ಅಪ್ಸರೆಯ ತೋಳಿಗೆ ಸಿಕ್ಕುವಂತಹುದಲ್ಲ.

ಆತಕೂರಿನ ಕಲ್ಲು ನೆಟ್ಟ ಕಾಲಕ್ಕೇ, 949ರಲ್ಲಿ, ತುಬಚಿಗೆ ನೆರೆಯಾದ ಮುಧೋಳದಲ್ಲಿ ಬಳೆಗಾರರ ಮನೆಯಲ್ಲಿ ರನ್ನನು ಹುಟ್ಟಿದನೆಂದು ಹೇಳುತ್ತಾರೆ. ಯುದ್ಧದಲ್ಲಿ ಅಳಿದ ಬಂಧುವನ್ನು ಅರಸುವ ಮನಸ್ಸಿನ ನಡೆಯನ್ನು ನಮ್ಮ ಸಾಹಿತ್ಯದಲ್ಲಿ ಅವನಷ್ಟು ಬಲ್ಲವರನ್ನು ನಾನು ಕಾಣೆ. ಗದಾಯುದ್ಧದ ದುರ್ಯೋಧನನು ಸಂಜಯನೊಡನೆ ರಣಭೂಮಿಯಲ್ಲಿ ಹೆಣಗಳನ್ನು ತುಳಿಯದಂತೆ ತುಳಿಯುತ್ತ ನಡೆಯುವಾಗ, ಒಬ್ಬೊಬ್ಬರನ್ನೂ ಗುರುತಿಸಿ ನಿಲ್ಲುತ್ತಾನೆ: ದ್ರೋಣ, ಮಗನಾದ ಲಕ್ಷಣಕುಮಾರ, ದುಶ್ಶಾಸನ, ಕರ್ಣ. ತಂದೆಗೆ ಮಗನು ನೀರು ಬಿಡಬೇಕಾದ ಕ್ರಮವು ತಲೆಕೆಳಗಾಯಿತೆಂದು ಮಗನ ಮುಂದೆ ಹಲುಬುತ್ತಾನೆ. ಆದರೆ ರನ್ನನ ಹಿರಿಮೆಯಿರುವುದು ಅಭಿಮನ್ಯುವಿನ ಎಡೆಯಲ್ಲಿ. ಶತ್ರುವಿನ ಮಗ, ತನ್ನವರು ಅಧರ್ಮದಿಂದ ಕೊಂದ ಬಾಲಕ. ಅವನ ಕಳೇವರದ ಮುಂದೆ ದುರ್ಯೋಧನನು ಕೈಮುಗಿದು, ನಿನ್ನಂತಹ ಮರಣ ನನಗೂ ದೊರೆಯಲಿ ಎಂಬ ಭಾವವನ್ನು ತಾಳುತ್ತಾನೆ. ತನ್ನವರನ್ನು ಅರಸಹೊರಟವನಿಗೆ ಅನ್ಯರೂ ಎದುರಾಗುತ್ತಾರೆ. ಎದುರಾದವರ ಮುಂದೆ ನಿಲ್ಲದೆ ಮುಂದಕ್ಕೆ ಹೋಗಲು ಬಾರದು. ದಾಖಲೆಗಳ ನಡುವೆ ಕುಳಿತ ಮರಿಮಗನಿಗೂ ಇದೇ ದಾರಿ.

ಏಕೆಂದರೆ ಹೆಸರು ದೊರೆತ ಕ್ಷಣದಿಂದ ಕಷ್ಟದ ಇನ್ನೊಂದು ಭಾಗವು ತೊಡಗುತ್ತದೆ. ಹೆಸರು ಬರಿಯದಾಗಿ ಬರುವುದಿಲ್ಲ, ಮಾಡಿದ ಕೆಲಸವನ್ನು ಹೊತ್ತುಕೊಂಡು ಬರುತ್ತದೆ. ನಮ್ಮ ಹುಡುಗನು 103, 110, 117 ಈ ಮೂರರಲ್ಲಿ ಒಂದು ಪಲ್ಟಣಿನವನೆಂದು ತಿಳಿದುಬಂದಿತೆನ್ನಿ. ಹಾಗಾದರೆ ಅವನು ಕುತ್-ಅಲ್-ಅಮಾರದ ಮುತ್ತಿಗೆಯಲ್ಲಿ ಇದ್ದಿರಬಹುದು. 1915ರ ಡಿಸೆಂಬರ್ 7ರಿಂದ 1916ರ ಏಪ್ರಿಲ್ 29ರವರೆಗೆ, ಟೈಗ್ರಿಸ್ ನದಿಯ ಕೊಂಡಿಯೊಂದರೊಳಗೆ, ಜನರಲ್ ಟೌನ್ಶೆಂಡನ ಸೈನ್ಯವು ತುರ್ಕಿಗಳ ಮುತ್ತಿಗೆಯಲ್ಲಿ ಸಿಕ್ಕಿ ಹಸಿವಿನಿಂದ ಸೊರಗಿತು. ಧಾನ್ಯ ಮುಗಿಯುತ್ತ ಬಂದಾಗ ಕುದುರೆಗಳನ್ನು ಕೊಯ್ದರು. ಇಂಗ್ಲಿಷರು ತಿಂದರು, ಭಾರತೀಯ ಸಿಪಾಯಿಗಳಲ್ಲಿ ಹಿಂದೂಗಳೂ ಮುಸಲ್ಮಾನರೂ ಬಹುಮಂದಿ ಬಹುಕಾಲದವರೆಗೆ ಮುಟ್ಟಲಿಲ್ಲ. ಆಪತ್ಕಾಲದಲ್ಲಿ ತಿನ್ನಬಹುದೆಂದು ಭಾರತದ ಧರ್ಮಗುರುಗಳಿಂದ ನಿಸ್ತಂತುವಿನ ಮೂಲಕ ಅನುಮತಿಯನ್ನು ತರಿಸಿದರೂ ಸಂಕೋಚವು ಬಿಡಲಿಲ್ಲ. ಊರಿಗೆ ಮರಳಿದ ಮೇಲೆ ಜಾತಿಯವರು ಪಂಕ್ತಿಗೆ ಸೇರಿಸಿಕೊಳ್ಳಲಿಕ್ಕಿಲ್ಲವೆಂಬ ಭಯವು ತುರ್ಕಿಯ ಗುಂಡಿನ ಭಯಕ್ಕಿಂತ ಬಲವಾಗಿತ್ತು. ಕೊನೆಕೊನೆಗೆ ಅನೇಕರು ತಿಂದರು. ಸುಮಾರು ಹದಿಮೂರು ಸಾವಿರ ಜನ ಸೆರೆಯಾದರು. ಅನೇಕರು ಮರುಭೂಮಿಯ ನಡಿಗೆಯಲ್ಲಿಯೂ, ಬಗ್ದಾದ್ ರೈಲುದಾರಿಯ ಕೂಲಿಯಲ್ಲಿಯೂ ಸತ್ತರು.

ಮುತ್ಯಾನ ತಮ್ಮನು ತಿಂದನೋ, ತಿನ್ನದೆ ಸತ್ತನೋ? ತಿಂದಿದ್ದರೆ ನಮಗೇನು? ಛಾಂದೋಗ್ಯೋಪನಿಷತ್ತಿನಲ್ಲಿ ಉಷಸ್ತಿ ಚಾಕ್ರಾಯಣನ ವೃತ್ತಾಂತವೊಂದಿದೆ. ಕುರುದೇಶವು ಬೆಳೆ ಹಾಳಾಗಿ ಕ್ಷಾಮಕ್ಕೀಡಾದಾಗ, ಆ ಋಷಿಯು ಮಾವಟಿಗನು ತಿನ್ನುತ್ತಿದ್ದ ಕಾಳನ್ನು ಬೇಡಿ, ಎಂಜಲೆಂದು ತಿಳಿದೂ ತಿಂದನು. ಮಾವಟಿಗನು ನೀರನ್ನೂ ಕೊಡಹೋದಾಗ ಬೇಡವೆಂದನು. ಎಂಜಲ ಕಾಳನ್ನು ತಿಂದವನಿಗೆ ಎಂಜಲ ನೀರೇನು ಎಂದು ಅವನು ಕೇಳಲು, ಕಾಳಿಲ್ಲದಿದ್ದರೆ ನಾನು ಬದುಕುತ್ತಿರಲಿಲ್ಲ, ನೀರಾದರೋ ನನಗೆ ಬೇಕಾದಲ್ಲಿ ದೊರೆಯುತ್ತದೆ ಎಂದನು. ಧರ್ಮವನ್ನು ಬಿಡಬೇಕಾದಲ್ಲಿ ಬಿಟ್ಟು, ಬಿಡಬೇಕಾಗಿಲ್ಲದಲ್ಲಿ ಮರುಕ್ಷಣವೇ ಹಿಡಿದುಕೊಂಡ ಈ ವಿವೇಕಕ್ಕಿಂತ ಸೂಕ್ಷ್ಮವಾದ ಆಪದ್ಧರ್ಮವಿಚಾರವನ್ನು ನಾನು ಓದಿಲ್ಲ. ಕುತ್‌ನ ಸಿಪಾಯಿಗಳು ಋಷಿಗಳಲ್ಲ, ಓದುಬರೆಹ ಕಲಿತವರೂ ವಿರಳ. ಆದರೆ ಉಷಸ್ತಿಯ ಮುಂದೆ ನಿಂತ ಪ್ರಶ್ನೆಯೇ ಪ್ರತಿದಿನ ಊಟದ ಹೊತ್ತಿಗೆ ಅವರ ಮುಂದೆಯೂ ನಿಂತಿತು. ತಿಂದವನನ್ನು ಪತಿತನೆಂದೆಣಿಸುವ ಅಧಿಕಾರವು ಹೊಟ್ಟೆ ತುಂಬಿ ಕುಳಿತ ವಂಶಸ್ಥನಿಗೆ ಇಲ್ಲ; ತಿನ್ನದವನನ್ನು ಮೂಢನೆನ್ನುವ ಅಧಿಕಾರವೂ ಇಲ್ಲ.

ಇದಕ್ಕಿಂತ ಕಠಿನವಾದುದು ಕೊಲೆಯ ವಿಷಯ. ಅವನು ತಿಂಗಳಿಗೆ 11 ರೂಪಾಯಿ ಸಂಬಳಕ್ಕಾಗಿ, ತಾನು ಕಾಣದ ದೊರೆಯ ಪರವಾಗಿ, ತನಗೆ ಯಾವ ಅಪಕಾರವನ್ನೂ ಮಾಡದ ಅನಾತೋಲಿಯದ ರೈತನ ಮಗನ ಮೇಲೆ ಗುಂಡು ಹಾರಿಸಿದನು. ಯೋಗಯುಕ್ತನಾದ ಸಂನ್ಯಾಸಿಯೂ ರಣದಲ್ಲಿ ಎದುರಾಗಿ ಸತ್ತ ಯೋಧನೂ ಸೂರ್ಯಮಂಡಲವನ್ನು ಭೇದಿಸಿ ಹೋಗುವರೆಂಬ ಪ್ರಾಚೀನರ ಮಾತು ಈ ಕೂಲಿಯ ಯುದ್ಧಕ್ಕೂ ಅನ್ವಯಿಸುವುದೋ? ಧರ್ಮ್ಯವಾದ ಯುದ್ಧಕ್ಕೆ ಹೇಳಿದ ಫಲವನ್ನು ಎಲ್ಲ ಯುದ್ಧಕ್ಕೂ ಹಂಚಿಬಿಡುವುದು ನನಗೆ ಸರಿದೋರುವುದಿಲ್ಲ. 1918ರ ಸೆಪ್ಟೆಂಬರ್ 23ರಂದು ಹೈಫಾದಲ್ಲಿ ಜೋಧಪುರದವರೊಡನೆ ಕುದುರೆಯೇರಿ ನುಗ್ಗಿದ ಮೈಸೂರು ಲ್ಯಾನ್ಸರರ ಪರಾಕ್ರಮವನ್ನು ನಾವು ಹೆಮ್ಮೆಯಿಂದ ನೆನೆಯುತ್ತೇವೆ, ನೆನೆಯತಕ್ಕುದೇ. ಆದರೆ ಪ್ರತಿಯೊಬ್ಬ ಶೋಧಕನೂ ತನ್ನ ಮನೆಯಲ್ಲಿಯೂ ಒಂದು ಹೈಫಾ ದೊರೆಯಬೇಕೆಂದು ಹಂಬಲಿಸಿದರೆ ಅವನು ಅರಸುತ್ತಿರುವುದು ಬಂಧುವನ್ನಲ್ಲ, ತನ್ನ ಹೊಗಳಿಕೆಯನ್ನು. ಅತಿಸಾರದಿಂದ ಬಸ್ರಾದ ಆಸ್ಪತ್ರೆಯಲ್ಲಿ ಸತ್ತವನೂ, ಹೇಸರಗತ್ತೆಗಳನ್ನು ಹೊಡೆದುಕೊಂಡು ಹೋಗುತ್ತಿದ್ದವನೂ ಬಂಧುವೇ. 1917ರಲ್ಲಿ ಕಟ್ಟಿ 1921ರಲ್ಲಿ ವಿಸರ್ಜಿಸಿದ 111ನೆಯ ಮಹಾರ್ ಪಲ್ಟಣಿನವರ ಮನೆಗಳಲ್ಲಿ ಈ ಪ್ರಶ್ನೆಗೆ ಮತ್ತೊಂದು ಮುಖವಿದೆ: ಬೇಕಾದಾಗ ಬಂದೂಕನ್ನು ಕೊಟ್ಟು ಬೇಡವಾದಾಗ ಕಿತ್ತುಕೊಂಡ ಸರ್ಕಾರವು, ಎರಡನೆಯ ಯುದ್ಧ ಬಂದಾಗ, 1941ರಲ್ಲಿ, ಬೆಳಗಾವಿಯಲ್ಲಿಯೇ ಅವರ ಪಡೆಯನ್ನು ಮರಳಿ ಕಟ್ಟಿತು. ಅಲ್ಲಿ ಮೊಮ್ಮಗನು ಅಜ್ಜನ ಸೇವೆಯನ್ನು ಅರಸುವುದು ಊರು ನಿರಾಕರಿಸಿದ ಮನುಷ್ಯತ್ವದ ಸಾಕ್ಷಿಯನ್ನು ಅರಸುವುದೂ ಆಗುತ್ತದೆ.

ಹಾಗಾದರೆ ತಿಳಿಯುವುದರಿಂದ ದುಃಖವೇ ಹೆಚ್ಚುವುದಾದರೆ ತಿಳಿಯದಿರುವುದೇ ಲೇಸಲ್ಲವೇ? ಈ ಸಂಶಯಕ್ಕೆ ಉತ್ತರವು ಮಹಾಭಾರತದ ಸ್ತ್ರೀಪರ್ವದಲ್ಲಿದೆಯೆಂದು ನನಗೆ ತೋರುತ್ತದೆ. ಯುದ್ಧವು ಮುಗಿದ ಮೇಲೆ ಎಷ್ಟು ಮಂದಿ ಸತ್ತರೆಂದು ಧೃತರಾಷ್ಟ್ರನು ಕೇಳುತ್ತಾನೆ. ಯುಧಿಷ್ಠಿರನು ಕೋಟಿಗಳ ಲೆಕ್ಕವನ್ನು ಹೇಳುತ್ತಾನೆ. ಆದರೆ ಅಷ್ಟಕ್ಕೇ ನಿಲ್ಲದೆ, ವಿದುರ, ಸಂಜಯ, ಧೌಮ್ಯ ಮೊದಲಾದವರನ್ನು ಕರೆದು, ತಮ್ಮವರೆಂಬವರು ಯಾರೂ ಇಲ್ಲದ ಶವಗಳು ಅನಾಥವಾಗಿ ಅಳಿಯದಂತೆ ಸಂಸ್ಕಾರ ಮಾಡಿಸುತ್ತಾನೆ. ಆಮೇಲೆ ಗಂಗೆಯ ದಡದಲ್ಲಿ ಎಲ್ಲರೂ ತರ್ಪಣಕ್ಕೆ ನಿಂತಾಗ, ಕುಂತಿ ಮುಂದೆ ಬಂದು, ಕರ್ಣನಿಗೂ ನೀರು ಕೊಡಿ, ಅವನು ನಿಮ್ಮ ಹಿರಿಯಣ್ಣ ಎನ್ನುತ್ತಾಳೆ. ಅದುವರೆಗೆ ಯುಧಿಷ್ಠಿರನ ಪಾಲಿಗೆ ಕರ್ಣನು ಶತ್ರುಸೈನ್ಯದ ಒಬ್ಬ ಸೇನಾಪತಿ. ಒಂದು ಮಾತಿನಿಂದ ಅವನ ಜಯವು ಭ್ರಾತೃವಧೆಯಾಗಿ ಮಾರ್ಪಟ್ಟಿತು; ಮೊದಲೇ ಹೇಳಲಿಲ್ಲವೆಂದು ತಾಯಿಯ ಮೇಲೆ ಕೋಪಗೊಂಡನು, ರಾಜ್ಯವೇ ಬೇಡವೆಂದನು. ಆದರೂ, ನೋಡಿ, ಈ ಮಾತು ಸುಳ್ಳಾಗಿದ್ದರೆ ಒಳ್ಳೆಯದಿತ್ತೆಂದಾಗಲಿ, ನನಗೆ ತಿಳಿಯದಿದ್ದರೆ ನೆಮ್ಮದಿಯಿತ್ತೆಂದಾಗಲಿ ಅವನು ಹೇಳಲಿಲ್ಲ. ತಡವಾಗಿ ತಿಳಿದುದಕ್ಕೆ ಅವನ ದುಃಖವೇ ಹೊರತು ತಿಳಿದುದಕ್ಕೆ ಅಲ್ಲ. ಕರ್ಣನ ಹೆಂಡಿರನ್ನು ಕರೆಸಿಕೊಂಡು, ಅವರೊಡನೆ ನೀರು ಬಿಟ್ಟನು. ಕೋಟಿಯ ಲೆಕ್ಕವನ್ನು ಹೇಳುವಾಗ ಅವನು ಅರಸನಾಗಿ ಮಾತನಾಡಿದ್ದನು. ಕರ್ಣನ ಹೆಸರನ್ನು ಹಿಡಿದು ನೀರು ಬಿಟ್ಟಾಗ ತಮ್ಮನಾದನು.

ನಾನು ಮೊದಲಿಗೆ ಎತ್ತಿದ ಪ್ರಶ್ನೆಗೆ ಇದು ಉತ್ತರವೆಂದು ನನ್ನ ನಂಬಿಕೆ. ಶೋಧವು ಸತ್ತವನಿಗೆ ಏನನ್ನು ತಲುಪಿಸುತ್ತದೆಯೋ ಹೇಳಲಾರೆ. ನೀರು ಬಿಡುವವನನ್ನು ಅದು ಬಂಧುವನ್ನಾಗಿ ಮಾಡುತ್ತದೆ. ಎಡೆಯಿಡುವಾಗ ಲಡಾಯಿಗೆ ಹೋದಾಂವ ಎಂಬ ಒಂದು ಪದವಿಯನ್ನು ನೆನೆಯುವವನು ಕಥೆಯೊಂದನ್ನು ನೆನೆದಂತೆ; ಇಂತಹ ಹೆಸರಿನ, ಇಂತಹ ಕೆಲಸ ಮಾಡಿದ, ಕೊಂದಿರಬಹುದಾದ, ಹಸಿದ, ಹೆದರಿದ ಒಬ್ಬನನ್ನು ನೆನೆಯುವವನು ಅವನ ಪುಣ್ಯದಲ್ಲಿಯೂ ಪಾಪದಲ್ಲಿಯೂ ಭಾಗಿಯಾಗಲು ಒಪ್ಪಿ ನಿಂತಂತೆ. ಆ ಒಪ್ಪಿಗೆಯೇ ತೀರಿಸಬೇಕಾದ ಋಣ.

ಎದುರು ಕಂದಕದ ತುರ್ಕಿಯವನಿಗೂ ಅಲ್ಲಿ ಪಾಲಿರಬೇಕು. ಮಾಘದ ಭೀಷ್ಮಾಷ್ಟಮಿಯಂದು, ಮಕ್ಕಳಿಲ್ಲದ ಭೀಷ್ಮನಿಗೆ, ಅವನ ವಂಶದವರಲ್ಲದವರೂ ತಂದೆತಾಯಿಗಳು ಬದುಕಿರುವವರೂ ನೀರು ಬಿಡುತ್ತಾರೆ. ಅವನು ಪಾಂಡವರ ವಿರೋಧವಾಗಿ ನಿಂತ ಸೈನ್ಯದ ಮೊದಲ ಸೇನಾಪತಿಯೆಂಬುದು ಆ ಹೊತ್ತಿನಲ್ಲಿ ಅಡ್ಡಬರುವುದಿಲ್ಲ.

ಕೊನೆಯದಾಗಿ ವ್ಯವಹಾರದ ಒಂದು ಮಾತು. ಪಂಜಾಬಿನಲ್ಲಿ ಯುದ್ಧ ಮುಗಿದೊಡನೆ ಹಳ್ಳಿಹಳ್ಳಿಯಾಗಿ ಬರೆಸಿದ ಪುಸ್ತಕಗಳು ಲಾಹೋರಿನ ವಸ್ತುಸಂಗ್ರಹಾಲಯದಲ್ಲಿ ದಶಕಗಳ ಕಾಲ ಮುಚ್ಚಿದ್ದು, 2021ರಲ್ಲಿ ಅವು ಹೊರಬಿದ್ದಾಗ, ಮೂರು ಲಕ್ಷಕ್ಕೂ ಮೀರಿದ ಸೈನಿಕರ ವಿವರಗಳು ಅವರವರ ಊರಿನ ಹೆಸರಿನಲ್ಲಿಯೇ ದೊರೆತುವು. ಅಂತಹ ಪುಸ್ತಕವು ಕೈಗೆ ಸಿಕ್ಕುವವರೆಗೆ ನಮ್ಮ ಕಡೆಯ ಶೋಧಕರು ಒಬ್ಬರಿಗೊಬ್ಬರು ಪುಸ್ತಕವಾಗಬೇಕು. ಕಮಿಷನ್ನಿನ ಪಟ್ಟಿಗಳಲ್ಲಿ ತಂದೆಯ ಹೆಸರನ್ನೂ ಊರನ್ನೂ ತಾಲೂಕನ್ನೂ ಕಾಣಿಸಿದ ಕಡೆಗಳುಂಟು. ತುಬಚಿಯವನನ್ನು ಅರಸುತ್ತಿರುವಾಗ ಮುಧೋಳದವನು, ಬೀಳಗಿಯವನು, ರಬಕವಿಯವನು, ಬನಹಟ್ಟಿಯವನು ಕಣ್ಣಿಗೆ ಬಿದ್ದರೆ, ತನಗೆ ಬೇಕಾದವನಲ್ಲವೆಂದು ಪುಟ ಮಗುಚದೆ, ಆ ಹೆಸರನ್ನು ಇದ್ದಂತೆಯೇ ಬರೆದುಕೊಂಡು, ಅಕ್ಷರಭೇದಗಳನ್ನು ಪಕ್ಕದಲ್ಲಿ ಗುರುತಿಸಿ, ಆ ಊರಿಗೆ ಹೋಗಿ, ಆ ಮನೆತನದವರನ್ನು ವಿಚಾರಿಸಿ ಹೇಳಬೇಕು. ಅವರು ಚತುರ್ದಶಿಯಂದು ತಿಲೋದಕ ಬಿಡುವರೋ, ಹಿರಿಯರ ಎಡೆಯಲ್ಲಿ ಒಂದು ತುತ್ತು ಹೆಚ್ಚಿಗೆ ಇಡುವರೋ, ಗದ್ದುಗೆಯ ಮುಂದೆ ವಿಭೂತಿ ಧರಿಸಿ ನೆನೆಯುವರೋ, ಫಾತಿಹಾ ಓದಿಸುವರೋ, ಅಥವಾ ಕೇಳಿ ಸುಮ್ಮನಿದ್ದುಬಿಡುವರೋ, ಅದು ಅವರ ಮನೆಯ ಆಚಾರಕ್ಕೆ ಬಿಟ್ಟುದು.